ಬೋರ್ಡ್ ಮೇಷ್ಟ್ರ ಕೆಂಪು ಸೀಮೆಸುಣ್ಣ

ಹೋದ ತಿಂಗಳು ಬೋರ್ಡ್ ಮೇಷ್ಟ್ರು ತೀರಿಕೊಂಡರು. ಹೊಳಲ್ಕೆರೆಯಲ್ಲಿ ಅಂಗಡಿಗಳು ಮಧ್ಯಾಹ್ನದವರೆಗೆ ಬಾಗಿಲು ತೆರೆಯಲಿಲ್ಲ. ಹೈಸ್ಕೂಲಿಗೆ ರಜೆ ಕೊಟ್ಟರು. ಶಾಮಿಯಾನದ ಕೆಳಗೆ ನಿಂತು ಮಾತಾಡಿದವರೆಲ್ಲ ಒಂದೊಂದು ಸಲ ಕಣ್ಣೊರೆಸಿಕೊಂಡರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾಳೆ ನಮ್ಮವ್ವ. ಬದುಕಿದ್ದಾಗ ಆಡಲು ಬಿಡಲಿಲ್ಲ, ಸತ್ತ ಮೇಲೆ ಆಡಬಾರದು. ಹಾಗಾದರೆ ಆಡುವುದು ಯಾವಾಗ?

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಭಯಕ್ಕಲ್ಲ, ಮರ್ಯಾದೆಗೂ ಅಲ್ಲ. ವರ್ಷಗಟ್ಟಲೆ ನಮ್ಮ ಕೇರಿಯ ಗಂಡಸರ ಬಗ್ಗೆ ಊರಿಗೆಲ್ಲ ಕಾಣುವಂತೆ ಬರೆದ ಮನುಷ್ಯ ಒಬ್ಬನ ಹೆಸರನ್ನೂ ಬರೆಯಲಿಲ್ಲ. ಜಾತಿಯ ಹೆಸರು ಬರೆದರೆ ಎಲ್ಲವನ್ನೂ ಬರೆದ ಹಾಗಾಯಿತು ಎಂದುಕೊಂಡಿದ್ದರು. ಅವರಿಗೂ ಹೆಸರಿಲ್ಲದೆ ಇರುವುದು ಹೇಗೆಂದು ಈಗ ತಿಳಿಯಲಿ. ನಮ್ಮ ಜಾತಿಯ ಹೆಸರನ್ನೂ ನಾನು ಬರೆಯುವುದಿಲ್ಲ, ಅದನ್ನು ಅವರೇ ಬೇಕಾದಷ್ಟು ಬರೆದು ಹೋಗಿದ್ದಾರೆ. ಬಿದಿರು ಸೀಳಿ ಮೊರ ಬುಟ್ಟಿ ಹೆಣೆಯುವವರು, ಈಚಲು ಗರಿಯ ಪೊರಕೆ ಕಟ್ಟುವವರು ಎಂದರೆ ಈ ಸೀಮೆಯವರಿಗೆ ತಿಳಿಯುತ್ತದೆ. ಬ್ರಿಟಿಷರ ಕಾಲದಲ್ಲಿ ಸರ್ಕಾರವೇ ನಮ್ಮನ್ನು ಹುಟ್ಟುಗಳ್ಳರೆಂದು ಕಾನೂನು ಮಾಡಿತ್ತು. ಆ ಕಾನೂನು ನಾನು ಹುಟ್ಟುವ ಹೊತ್ತಿಗೇ ರದ್ದಾಗಿತ್ತು. ಆದರೆ ನಮ್ಮ ತಾತ ನನಗೆ ಬುದ್ಧಿ ಬಂದ ಮೇಲೂ ದಿನಾ ಸಂಜೆ ಠಾಣೆಗೆ ಹೋಗಿ ಹಾಜರಿ ಹಾಕಿ ಬರುತ್ತಿದ್ದ. ರದ್ದಾಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಠಾಣೆಯವರಿಗೆ ಗೊತ್ತಿತ್ತು. ತಾತ ಹೋದಾಗಲೆಲ್ಲ ಅಲ್ಲಿಯ ಅಂಗಳ ಗುಡಿಸಿ ಬರುತ್ತಿದ್ದನಲ್ಲ, ಅದಕ್ಕೇ ಸುಮ್ಮನಿದ್ದರು. ಮೇಷ್ಟ್ರು ಇದನ್ನು ತರಗತಿಯಲ್ಲಿ, ನನ್ನನ್ನು ಎದುರಿಗೆ ಕೂರಿಸಿಕೊಂಡು, ನಿಯಮಪಾಲನೆಗೆ ಉದಾಹರಣೆಯಾಗಿ ಹೇಳಿದರು. ಹುಡುಗರು ನಕ್ಕರು. ಅವರು ನಗಿಸಲು ಹೇಳಿದ್ದಲ್ಲ ಎಂಬುದೇ ನನಗೆ ಇನ್ನೂ ಉರಿಯುವ ಸಂಗತಿ.

ಮೇಷ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದರು. ಸಣಕಲು ಆಳು, ಕಚ್ಚೆಪಂಚೆ, ಕರಿ ಕೋಟು. ಕೋಟಿನ ಎಡ ಜೇಬಿನಲ್ಲಿ ಬಿಳಿ ಸೀಮೆಸುಣ್ಣ, ಬಲ ಜೇಬಿನಲ್ಲಿ ಕೆಂಪು. ಊರು ಅವರನ್ನು ಬೋರ್ಡ್ ಮೇಷ್ಟ್ರು ಅನ್ನುತ್ತಿದ್ದದ್ದು ಶಾಲೆಯ ಬೋರ್ಡಿನಿಂದಲ್ಲ. ಬಸ್ ಸ್ಟ್ಯಾಂಡಿನ ಎದುರು ವಾಚನಾಲಯವಿದೆ, ಅದರ ಹೊರಗೋಡೆಗೆ ಒಂದು ದೊಡ್ಡ ಕರಿಹಲಗೆ. ಪತ್ರಿಕೆ ಕೊಂಡು ಓದುವವರು ಊರಿನಲ್ಲಿ ಎಷ್ಟು ಜನ? ಉಳಿದವರಿಗೆಲ್ಲ ಆ ಹಲಗೆಯೇ ಪತ್ರಿಕೆ. ಮೇಷ್ಟ್ರು ಬೆಳಗ್ಗೆ ವಾಚನಾಲಯದ ರೇಡಿಯೊ ಕೇಳಿ, ಚಿತ್ರದುರ್ಗದ ಮೊದಲ ಬಸ್ಸಿನಲ್ಲಿ ಬರುವ ಪತ್ರಿಕೆಗಳನ್ನು ನೋಡಿ, ಠಾಣೆಗೆ ಒಂದು ಸುತ್ತು ಹಾಕಿ, ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟು, ಆಮೇಲೆ ಬರೆಯುತ್ತಿದ್ದರು. ಸೀಮೆಸುಣ್ಣವನ್ನು ಸಕ್ಕರೆ ನೀರಿನಲ್ಲಿ ನೆನೆಸಿ ಒಣಗಿಸಿ ತರುತ್ತಿದ್ದರು. ಹಾಗೆ ಮಾಡಿದರೆ ಅಕ್ಷರ ಎದ್ದು ಕಾಣುತ್ತದೆ, ಹನಿ ಮಳೆಗೂ ಹೋಗುವುದಿಲ್ಲ.

ಹಲಗೆಯಲ್ಲಿ ಮೂರು ಭಾಗ. ಮೇಲೆ ಒಂದು ಒಳ್ಳೆಯ ಮಾತು. ನಡುವೆ ದೇಶ ವಿದೇಶ. ಕೆಳಗೆ ತಾಲ್ಲೂಕಿನ ಸುದ್ದಿ. ಮೇಲಿನ ಎರಡು ಭಾಗಕ್ಕೆ ಬಿಳಿ ಸೀಮೆಸುಣ್ಣ. ಕೆಳಗಿನ ಭಾಗದಲ್ಲಿ ಕಳ್ಳತನವೇನಾದರೂ ಇದ್ದರೆ ಕೆಂಪು. ರಾಮಗಿರಿಯಿಂದ ಹೊರಕೆರೆದೇವಪುರದವರೆಗೆ ಬಸ್ಸಿಗೆ ಬಂದ ಜನ ಮೊದಲು ಓದುತ್ತಿದ್ದದ್ದು ಆ ಕೆಂಪನ್ನೇ. ಅಕ್ಷರ ಬಾರದವರು ಪಕ್ಕದವರನ್ನು ಕೇಳುತ್ತಿದ್ದರು, "ಇವತ್ತು ಯಾರು, ಅವರೇನಾ?" ಹೌದು ಅಂದರೆ ತಲೆಯಾಡಿಸಿ ಬಸ್ಸು ಹತ್ತುತ್ತಿದ್ದರು.

ದಕ್ಷಿಣ ಆಫ್ರಿಕಾದಲ್ಲಿ ಶಾಲೆಯ ಮಕ್ಕಳ ಮೇಲೆ ಅಲ್ಲಿಯ ಬಿಳಿ ಸರ್ಕಾರ ಗುಂಡು ಹಾರಿಸಿದ ಸುದ್ದಿ ಬಂದ ದಿನ ಮೇಷ್ಟ್ರು ಊಟ ಮಾಡಲಿಲ್ಲವಂತೆ. ನಾನು ಆಗ ಚಿತ್ರದುರ್ಗದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದೆ, ಊರಿಗೆ ಬಂದಿದ್ದೆ. ಹಲಗೆಯ ಮೇಲ್ಭಾಗದಲ್ಲಿ ಮನುಷ್ಯನನ್ನು ಅವನ ಚರ್ಮದಿಂದ ಅಳೆಯುವುದು ಮಹಾಪಾಪ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ನಡುವೆ ಗುಂಡಿನ ಸುದ್ದಿ. ಕೆಳಗೆ ಕೆಂಪಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಟ್ರಂಕು ಕಾಣೆ, ನಮ್ಮ ಜಾತಿಯ ಹೆಸರು, ಅದರ ಮುಂದೆ "ಜನರ ಮೇಲೆ ಗುಮಾನಿ". ಮೇಲಿಗೂ ಕೆಳಗಿಗೂ ನಡುವೆ ಒಂದು ಮೊಳ ಜಾಗವಿತ್ತೋ ಇಲ್ಲವೋ. ಅದನ್ನೇ ಅವರಿಗೆ ತೋರಿಸಿದೆ. ಅದು ಬಣ್ಣದ ವಿಷಯ, ಇದು ಕಸುಬಿನ ವಿಷಯ, ಎರಡನ್ನೂ ಕಲಸಬೇಡ ಎಂದು ಬೆನ್ನು ತಟ್ಟಿದರು. ಟ್ರಂಕನ್ನು ಅದರ ಒಡೆಯನ ಭಾವನೇ ಹಿಂದಿನ ಬಸ್ಸಿಗೆ ಹಾಕಿಕೊಂಡು ಹೋಗಿದ್ದ ಎಂದು ಸಂಜೆ ಗೊತ್ತಾಯಿತು. ಅದು ಹಲಗೆಗೆ ಬರಲಿಲ್ಲ.

ನಮ್ಮವರಲ್ಲದವರು ಮಾಡಿದಾಗ ಮೇಷ್ಟ್ರ ಕನ್ನಡವೇ ಬೇರೆ. ಮಂಡಿ ಸಾಹುಕಾರರ ಗೋದಾಮಿನಲ್ಲಿ ಬೇರೆಯವರ ಶೇಂಗಾ ಮೂಟೆ ಸಿಕ್ಕಾಗ "ಮೂಟೆಗಳು ಅದಲು ಬದಲು" ಎಂದು ಬರೆದರು, ಅದೂ ಬಿಳಿಯಲ್ಲಿ. ಗೌಡರೊಬ್ಬರು ಆಳಿನ ಕೈ ಮುರಿದಾಗ "ಗೌಡರಿಗೂ ಕೂಲಿಯವನಿಗೂ ಮಾತಿನ ಚಕಮಕಿ" ಎಂದರು. ಮಾತಿಗೆ ಮೂಳೆ ಮುರಿಯುವುದನ್ನು ನಾನು ಮೊದಲು ಓದಿದ್ದು ಅಲ್ಲೇ.

ಇಷ್ಟು ಸಿಟ್ಟಿದ್ದರೂ "ಅವರು" ಅನ್ನುತ್ತಿದ್ದೇನೆ. ಕಾರಣವಿದೆ. ನನಗೆ ಅಕ್ಷರ ತಿದ್ದಿದವರು ಅವರೇ. ನಮ್ಮ ಕೇರಿಯಿಂದ ಹೈಸ್ಕೂಲಿಗೆ ಹೋದ ಮೊದಲ ಹುಡುಗಿ ನಾನು. ಮಿಕ್ಕ ಮೇಷ್ಟ್ರುಗಳು ನನ್ನ ನೋಟ್‌ಬುಕ್ಕನ್ನು ಮುಟ್ಟದೆ ದೂರದಿಂದ ನೋಡುತ್ತಿದ್ದಾಗ ಇವರು ನನ್ನ ಮುಂಗೈ ಹಿಡಿದು ಬರೆಸಿದರು. ಬೋರ್ಡಿನ ಮೇಲೆ ತೋಳಿನಿಂದ ಬರೆಯಬೇಕು, ಬೆರಳಿನಿಂದಲ್ಲ ಎಂದು ಕಲಿಸಿದರು. ಎಸ್ಸೆಸ್ಸೆಲ್ಸಿ ಹೊತ್ತಿಗೆ ನನ್ನ ಅಕ್ಷರ ಯಾವುದು ಅವರದು ಯಾವುದು ಎಂದು ಗುರುತಿಸಲು ಆಗುತ್ತಿರಲಿಲ್ಲ. ಬಂದವರಿಗೆಲ್ಲ ನನ್ನನ್ನು ತೋರಿಸಿ ಒಂದೇ ಮಾತು ಹೇಳುತ್ತಿದ್ದರು, "ನಮ್ಮ ರತ್ನ ಅವ್ರ ಪೈಕಿ ಅನ್ಸೋದೇ ಇಲ್ಲ ನೋಡ್ರಿ." ಆ ವಯಸ್ಸಿನಲ್ಲಿ ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಹೋಗಿ ಅಪ್ಪನ ಮುಂದೆ ಹೇಳಿದ್ದೆ. ಅಪ್ಪ ಬಿದಿರು ಸೀಳುತ್ತಿದ್ದವನು ತಲೆ ಎತ್ತಲಿಲ್ಲ.

ಈಗ ಕುರಿಯ ಕತೆ. ಇದಕ್ಕಾಗಿಯೇ ಇಷ್ಟೂ ಬರೆದದ್ದು.

ನಮ್ಮಣ್ಣ ತಿಪ್ಪೇಶ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಆಯ್ಕೆಯಾಗಿದ್ದ. ಪರೀಕ್ಷೆ, ಸಂದರ್ಶನ ಎಲ್ಲ ಮುಗಿದು ಠಾಣೆಯಿಂದ ನಡತೆ ಒಳ್ಳೆಯದು ಎಂಬ ಒಂದು ಸಾಲು ಹೋಗುವುದಷ್ಟೇ ಬಾಕಿ. ಅಣ್ಣ ಆಗಲೇ ಒಂದು ವಿಷಲ್ ಕೊಂಡು ತಂದಿದ್ದ. ಬೆಳಗಾದರೆ ಕೇರಿಯಲ್ಲಿ ಅದನ್ನು ಊದಿ "ಹೋಗಾಣ ರೈಟ್" ಅನ್ನುವುದು, ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ಬಸ್ಸಿನ ಹಾಗೆ ಹೊರಡುವುದು. ಅವ್ವ ಬೈಯುತ್ತಲೇ ನಗುತ್ತಿದ್ದಳು.

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಗೊಲ್ಲರು ಕುರಿ ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಾರೆ. ಕೇಳಿದವರ ಹೊಲದಲ್ಲಿ ರಾತ್ರಿ ಮಂದೆ ಹಾಕುತ್ತಾರೆ. ಗೊಬ್ಬರ ಹೊಲಕ್ಕೆ, ರಾಗಿ ಅವರಿಗೆ. ಆ ವರ್ಷ ಚಿತ್ತಯ್ಯ ಎಂಬ ಹಿರಿಯ ಗೊಲ್ಲ ನಮ್ಮ ಕೇರಿಯ ಪಕ್ಕದ ಹೊಲದಲ್ಲಿ ಮಂದೆ ಹಾಕಿದ್ದ. ಹಿಂದಿನ ದಿನ ಕೆರೆಯಲ್ಲಿ ನೀರು ಕುಡಿಸುವಾಗ ಇನ್ನೊಂದು ಹಿಂಡು ಎದುರಾಗಿತ್ತು. ಬೆಳಗ್ಗೆ ನೋಡಿದರೆ ಕೆಲವು ಕುರಿ ಕಡಿಮೆ. ಚಿತ್ತಯ್ಯ ಗಾಬರಿಯಾಗಲಿಲ್ಲ. ಒಂದೊಂದು ಮನೆತನದವರೂ ಕುರಿಯ ಕಿವಿಯನ್ನು ಒಂದೊಂದು ರೀತಿ ಕತ್ತರಿಸಿ ಗುರುತು ಮಾಡಿರುತ್ತಾರೆ. ಬೇರೆ ಹಿಂಡಿಗೆ ಸೇರಿದ ಕುರಿಯನ್ನು ಕಿವಿ ನೋಡಿ ಬಿಟ್ಟು ಹೋಗುವುದು ಅವರಲ್ಲಿ ಹಿಂದಿನಿಂದ ಬಂದದ್ದು, ಯಾರೂ ಇಟ್ಟುಕೊಳ್ಳುವುದಿಲ್ಲ. ಆ ಹಿಂಡು ರಾಮಗಿರಿ ಕಡೆ ಹೋಗಿದೆ, ಪೊಲೀಸರು ಆ ಕಡೆ ಹೋಗುವವರಿದ್ದರೆ ಹೇಳಿ ಕಳಿಸೋಣ ಎಂದು ಅವನು ಠಾಣೆಯ ಮೆಟ್ಟಿಲು ಹತ್ತಿದ. ಠಾಣೆಗೆ ಹೋಗಿ ಸುಮ್ಮನೆ ಸುದ್ದಿ ಮುಟ್ಟಿಸಿರಿ ಎಂದು ಕೇಳಬಹುದು ಎಂದು ನಂಬಿದ ಮನುಷ್ಯ ಈ ತಾಲ್ಲೂಕಿನಲ್ಲಿ ಅವನೊಬ್ಬನೇ ಇದ್ದಿರಬೇಕು.

ಮಂದೆ ಎಲ್ಲಿ ಹಾಕಿದ್ದೆ ಎಂದು ಕೇಳಿದರು. ನಮ್ಮ ಕೇರಿಯ ಪಕ್ಕ ಎಂದ. ಅಷ್ಟು ಸಾಕಾಯಿತು. ಅದೇ ಹೊತ್ತಿಗೆ ಮೇಷ್ಟ್ರು ದಿನದ ಸುತ್ತಿಗೆ ಬಂದಿದ್ದರು. ಚಿತ್ತಯ್ಯ ಇನ್ನೂ ಠಾಣೆಯ ಕಟ್ಟೆಯ ಮೇಲೆ ಕುಳಿತಿರುವಾಗಲೇ ಹಲಗೆಯ ಮೇಲೆ ಕೆಂಪಿನಲ್ಲಿ ನಮ್ಮ ಜಾತಿಯ ಹೆಸರು ಬಂದಿತ್ತು, ಅದರ ಮುಂದೆ "ಕಳ್ಳರಿಂದ ಗೊಲ್ಲರ ಕುರಿ ಅಪಹರಣ". ಬಿಸಿಲೇರುವ ಮೊದಲು ಕೇರಿಯ ಗಂಡಸರನ್ನೆಲ್ಲ ಎಳೆದುಕೊಂಡು ಹೋದರು. ಅಣ್ಣ ತನ್ನ ಆಯ್ಕೆಯ ಪತ್ರ ತೋರಿಸಿದನಂತೆ. ಕಂಡಕ್ಟರ್ ಆಗೋಕೆ ಮುಂಚೆನೇ ಕೈಚಳಕ ಶುರು ಮಾಡಿದಾನೆ ಎಂದು ನಕ್ಕು ಅವನ ಅಂಗಾಲಿಗೆ ಜಾಸ್ತಿ ಹೊಡೆದರು.

ಚಿತ್ತಯ್ಯ ತಾನೇ ರಾಮಗಿರಿಗೆ ನಡೆದುಹೋಗಿ ಕುರಿಗಳನ್ನು ಹೊಡೆದುಕೊಂಡು ಬಂದ. ಅವುಗಳನ್ನು ಠಾಣೆಯ ಅಂಗಳಕ್ಕೇ ತಂದು ಕಿವಿ ಎತ್ತಿ ಎತ್ತಿ ತೋರಿಸಿದ. ನಮ್ಮವ್ವ ಲಾಕಪ್ಪಿಗೆ ಮುದ್ದೆ ತೆಗೆದುಕೊಂಡು ಹೋಗಿದ್ದವಳು ಅಲ್ಲೇ ನಿಂತು ಕೇಳಿಸಿಕೊಂಡಳು.

"ಕದ್ದಾರೆ ಅಂತ ನಾನೆಲ್ಲಿ ಅಂದೆ ಸ್ವಾಮಿ? ತಪ್ಪಿಸ್ಕಂಡಾವೆ ಅಂದೆ. ಈ ಹುಡುಗ್ರನ್ನ ಯಾಕ್ ಹಿಡ್ಕಂಬಂದ್ರಿ?"

ಮಾರನೆಯ ದಿನ ಮೇಷ್ಟ್ರು ಬರೆದರು: "ಕಳುವಾಗಿದ್ದ ಕುರಿಗಳು ಪತ್ತೆ. ಪೊಲೀಸರ ಚುರುಕಿನ ಕ್ರಮಕ್ಕೆ ಮೆಚ್ಚುಗೆ."

ಅಣ್ಣನ ನಡತೆಯ ಸಾಲು ಠಾಣೆಯಿಂದ ಹೋಗಲಿಲ್ಲ. ಅಪ್ಪ ದಿನಾ ಹೋಗಿ ನಿಂತ. ದಫೇದಾರ ಕೊನೆಗೆ ಹೇಳಿದ, "ಬೋರ್ಡಿನಾಗೇ ಬಂದೈತಲ್ಲಪ್ಪ, ನಾನೇನ್ ಮಾಡ್ಲಿ?" ಮೇಷ್ಟ್ರನ್ನು ಕೇಳಿದರೆ ಠಾಣೆಯವರು ಹೇಳಿದ್ದನ್ನು ಬರೆದೆ ಅನ್ನುತ್ತಿದ್ದರು. ಠಾಣೆಯವರನ್ನು ಕೇಳಿದರೆ ಬೋರ್ಡ್ ನೋಡು ಅನ್ನುತ್ತಿದ್ದರು. ಅಪ್ಪ ಆ ಎರಡರ ನಡುವೆ ಚಪ್ಪಲಿ ಸವೆಸಿದ.

ವಿಷಯ ತಿಳಿದು ನಾನು ಚಿತ್ರದುರ್ಗದಿಂದ ಬಂದೆ, ನೆಟ್ಟಗೆ ಮೇಷ್ಟ್ರ ಮನೆಗೆ ಹೋದೆ. ಜಗುಲಿಯ ಮೇಲೆ ಸೀಮೆಸುಣ್ಣ ಒಣಹಾಕಿಕೊಂಡು ಕುಳಿತಿದ್ದರು. ನನಗೆ ಬೇಕಾದದ್ದು ಒಂದೇ ಸಾಲು ಎಂದೆ. ಕುರಿಗಳು ಕಳುವಾಗಿರಲಿಲ್ಲ. ಅಷ್ಟು ಬರೆಯಿರಿ, ಅದನ್ನು ತೋರಿಸಿ ಅಪ್ಪ ಠಾಣೆಯಲ್ಲಿ ಕೇಳುತ್ತಾನೆ, ಅಣ್ಣನ ಕೆಲಸ ಉಳಿಯುತ್ತದೆ. ಮೇಷ್ಟ್ರು ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು.

"ಆಗ್ದೇ ಇರೋದು ಸುದ್ದಿ ಅಲ್ಲಮ್ಮ ರತ್ನ. ಕಳುವಾಯ್ತು ಅಂತ ಬರೀಬೋದು. ಕಳುವಾಗ್ಲಿಲ್ಲ ಅಂತ ಯಾರಾದ್ರೂ ಬರೀತಾರಾ?"

ಆಗದೇ ಇರುವುದನ್ನೇ ಅಲ್ಲವೇ ನೀವು ಮೊದಲ ದಿನ ಬರೆದದ್ದು ಎಂದು ಕೇಳಿದೆ. ಒಳಗಿನಿಂದ ಅವರ ಹೆಂಡತಿ ಕಾಫಿ ತಂದರು, ಸ್ಟೀಲಿನ ಲೋಟ ಅವರಿಗೆ, ಗಾಜಿನದು ನನಗೆ. ನಾನು ಕುಡಿಯದೆ ಎದ್ದು ಬಂದೆ.

ಆ ಹೊತ್ತಿಗೆ ತುರ್ತುಪರಿಸ್ಥಿತಿ ಮುಗಿದಿತ್ತು. ಊರಿನ ಇನ್ನೊಂದು ಬದಿಯ ಕಾಲೋನಿಯಲ್ಲಿ ಓದಿದ ಹುಡುಗರು ಒಂದು ಸಂಘ ಕಟ್ಟಿದ್ದರು. ಅವರೂ ಅದೇ ಹಲಗೆಯ ಪೆಟ್ಟು ತಿಂದವರು. ಎಲ್ಲ ಸೇರಿ ಮೇಷ್ಟ್ರಿಗೂ ವಾಚನಾಲಯದ ಕಮಿಟಿಗೂ ಒಂದು ಬೇಡಿಕೆ ಇಟ್ಟೆವು: ಅಪರಾಧದ ಸುದ್ದಿಯಲ್ಲಿ ಯಾರ ಜಾತಿಯನ್ನೂ ಬರೆಯಬೇಡಿ, ಬರೆಯುವುದಾದರೆ ಎಲ್ಲರದ್ದೂ ಬರೆಯಿರಿ. ಮತ್ತು ಕುರಿಯ ಆ ಒಂದು ಸಾಲು. ಒಪ್ಪುವವರೆಗೆ ಹಲಗೆಯ ಮುಂದೆ ಬೇವಿನ ಮರದ ಕೆಳಗೆ ಸುಮ್ಮನೆ ಕೂರುವುದೆಂದು ತೀರ್ಮಾನವಾಯಿತು. ಘೋಷಣೆ ಇಲ್ಲ, ಮೆರವಣಿಗೆ ಇಲ್ಲ. ರಾಗಿ ಕೊಯ್ಲಿನ ಕಾಲ. ಬಸ್ಸಿಗೆ ಬಂದವರು ಹಲಗೆ ಓದಬೇಕಾದರೆ ನಮ್ಮ ತಲೆಯ ಮೇಲಿಂದ ಓದಬೇಕು.

ಮೇಷ್ಟ್ರು ಒಂದು ದಿನವೂ ನಮ್ಮ ಮೇಲೆ ರೇಗಲಿಲ್ಲ. ಬರುತ್ತಿದ್ದರು, ಕೋಟು ತೆಗೆದು ಮರದ ಗೂಟಕ್ಕೆ ಸಿಕ್ಕಿಸುತ್ತಿದ್ದರು, ಸ್ವಲ್ಪ ಆ ಕಡೆ ಕುಂತ್ಕಳ್ರಿ ಅನ್ನುತ್ತಿದ್ದರು, ಬರೆಯುತ್ತಿದ್ದರು. ಹೋಗುವಾಗ ನನ್ನ ಹತ್ತಿರ ನಿಂತು ಒಂದು ಮಾತು ಹೇಳಿದರು. ಆಮೇಲೆ ಊರೆಲ್ಲ ಅದನ್ನೇ ಹೇಳಿತು.

"ಜನ ಮರ್ತಿದ್ರಮ್ಮ. ನೀವೇ ಕೆಣಕಿ ನೆನಪು ಮಾಡ್ತಿದೀರ. ನಾಳೆ ಏನಾರಾ ಆದ್ರೆ ನನ್ನ ಕೇಳ್ಬ್ಯಾಡ."

ಆಗಿದ್ದೂ ನಿಜ. ಕಣಕ್ಕೆ ಮೊರ ಬೇಕಾದ ಕಾಲವದು. ಪ್ರತಿ ವರ್ಷ ನಮ್ಮ ಅಂಗಳಕ್ಕೇ ಬಂದು ಚೌಕಾಸಿ ಮಾಡಿ ಒಯ್ಯುತ್ತಿದ್ದ ಒಕ್ಕಲಿನವರು ಆ ಸಲ ಬಸ್ಸಿಗೆ ಕಾಸು ಹಾಕಿ ಚಿತ್ರದುರ್ಗಕ್ಕೆ ಹೋಗಿ ತಗಡಿನ ಮೊರ ತಂದರು. ಅವ್ವ ಹೆಣೆದ ಮೊರಗಳು ಗೋಡೆಗೆ ಒರಗಿಸಿದ ಹಾಗೇ ಇದ್ದವು. ಹೋಟೆಲಿನಲ್ಲಿ ನಮ್ಮ ಹುಡುಗರಿಗೆ ಚಹಾ ತೀರಿತು ಅನ್ನತೊಡಗಿದರು. ಕೇರಿಯ ಹಿರಿಯರು ನನ್ನನ್ನು ಕರೆಸಿ ಉಗಿದರು. ಅವ್ವ ಬೈಯಲಿಲ್ಲ, ಅದು ಇನ್ನೂ ಕಷ್ಟ. "ನೀನು ಓದಿದ್ದಕ್ಕೆ ನಿಂಗೆ ಅವಮಾನ ಕಾಣುಸ್ತೈತೆ ಕಣವ್ವ. ನಮ್ಗೆ ಹೊಟ್ಟೆ ಒಂದೇ ಕಾಣುಸ್ತೈತೆ" ಎಂದಳು.

ನೀವು ಎದ್ದದ್ದಕ್ಕೇ ಅವರು ತಿರುಗಿಬಿದ್ದರು ಎಂದು ಇವತ್ತಿಗೂ ನನಗೆ ಬುದ್ಧಿ ಹೇಳುವವರಿದ್ದಾರೆ, ನಮ್ಮವರಲ್ಲೂ ಇದ್ದಾರೆ. ನಾವು ಕೂರದೆ ಇದ್ದಿದ್ದರೆ ಆ ವರ್ಷ ಮೊರ ಮಾರಾಟವಾಗುತ್ತಿದ್ದವು, ಒಪ್ಪಿದೆ. ಆದರೆ ಅವರಿಗೆ ದ್ವೇಷ ಕಲಿಸಿದವರು ನಾವು ಎಂಬುದನ್ನು ಒಪ್ಪುವುದಿಲ್ಲ. ದ್ವೇಷ ಮೊದಲೂ ಇತ್ತು. ಆಗ ಅದು ಕೈ ಎತ್ತಬೇಕಾಗಿರಲಿಲ್ಲ. ಅದರ ಕೆಲಸವನ್ನು ನಾವೇ ತಲೆ ತಗ್ಗಿಸಿ ಮಾಡಿಕೊಡುತ್ತಿದ್ದೆವು. ನಮ್ಮ ತಾತ ಅಂಗಳ ಗುಡಿಸಿ ಬಂದಷ್ಟು ದಿನ ಠಾಣೆಯವರೂ ಅವನನ್ನು ಅಜ್ಜ ಅಂತಲೇ ಕರೆಯುತ್ತಿದ್ದರು.

ಅಷ್ಟರಲ್ಲಿ ವಾಚನಾಲಯದ ರೇಡಿಯೊ ಕಳುವಾಯಿತು. ಹೇಳಬೇಕಾಗಿಯೇ ಇಲ್ಲ, ಕೆಂಪಿನಲ್ಲಿ ನಮ್ಮ ಹೆಸರೇ ಬಂತು. ಪೊಲೀಸರು ಬಂದು ಬುಟ್ಟಿಗಳನ್ನೆಲ್ಲ ಬೋರಲು ಹಾಕಿ ಹೋದರು. ವಾರ ಕಳೆಯುವುದರೊಳಗೆ ರೇಡಿಯೊ ಚಿತ್ರದುರ್ಗದ ರಿಪೇರಿ ಅಂಗಡಿಯೊಂದರಲ್ಲಿ ಸಿಕ್ಕಿತು. ಮಾರಲು ಒಯ್ದವನು ಮೇಷ್ಟ್ರ ಹೆಂಡತಿಯ ಅಣ್ಣನ ಮಗ. ಮರುದಿನ ಹಲಗೆಯಲ್ಲಿ ಬಿಳಿ ಅಕ್ಷರ: "ವಾಚನಾಲಯದ ರೇಡಿಯೊ ದೊರೆತಿದೆ. ಹುಡುಗಾಟಕ್ಕೆ ಒಯ್ದಿದ್ದ ಯುವಕ ಮರಳಿಸಿದ್ದಾನೆ."

ಬರೆದು ಮೇಷ್ಟ್ರು ಕಾಫಿಗೆ ಹೋದರು. ಕೋಟು ಗೂಟದಲ್ಲಿ ನೇತಾಡುತ್ತಿತ್ತು. ನಾನು ಎದ್ದು ಬಲ ಜೇಬಿಗೆ ಕೈ ಹಾಕಿ ಕೆಂಪು ಸೀಮೆಸುಣ್ಣ ತೆಗೆದೆ. ಬಸ್ಸಿಗೆ ಕಾದಿದ್ದವರೆಲ್ಲ ರಸ್ತೆಯ ಕಡೆ ನೋಡುತ್ತಿದ್ದರು. ಯುವಕ ಎಂಬಲ್ಲಿ ಅದರ ಹಿಂದೆ ಅವನ ಜಾತಿಯ ಹೆಸರು ಬರೆದೆ, ಮೇಷ್ಟ್ರ ಜಾತಿಯದೇ. ಅವರು ಕಲಿಸಿದ ಹಾಗೆ ತೋಳಿನಿಂದ ಬರೆದೆ, ಬೆರಳಿನಿಂದಲ್ಲ. ಬೈಗುಳ ಬರೆಯಲಿಲ್ಲ, ಕಳ್ಳ ಎಂದೂ ಬರೆಯಲಿಲ್ಲ. ಬರೀ ಜಾತಿ, ಅವರು ನಮಗೆ ಬರೆಯುತ್ತಿದ್ದ ಹಾಗೆ.

ಇಷ್ಟು ವರ್ಷ ಆ ಕೆಂಪನ್ನು ಓದಿಕೊಂಡು ಬೀಡಿ ಹಚ್ಚುತ್ತಿದ್ದ ಊರು ಅವತ್ತು ಎದ್ದು ನಿಂತಿತು. ಅಕ್ಷರ ನೋಡಿದವರು ಮೇಷ್ಟ್ರೇ ಬರೆದರು ಎಂದುಕೊಂಡು ಹೋಟೆಲಿನಿಂದ ಅವರನ್ನು ಕರೆತಂದರು. ಒಂದು ಇಡೀ ಕುಲಕ್ಕೆ ಮಸಿ ಬಳಿದಿರಿ, ಒಬ್ಬ ಹುಡುಗ ಮಾಡಿದ್ದಕ್ಕೆ ಎಲ್ಲರ ಮಾನ ತೆಗೆದಿರಿ ಎಂದು ಅವರ ಜನ ಅವರ ಮೇಲೇ ಬಿದ್ದರು. ಒಬ್ಬ ಮಾಡಿದ್ದಕ್ಕೆ ಎಲ್ಲರೂ! ಆ ಮಾತನ್ನು ಅವರ ಬಾಯಲ್ಲಿ ಕೇಳಿ ನನಗೆ ನಗು ಬಂತು. ಮೇಷ್ಟ್ರು ಹಲಗೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಒಂದು ಅವಕಾಶವಿತ್ತು. ಇಲ್ಲಿ ಹೀಗೇ ಬರೆಯುವುದು ರೂಢಿ ಎಂದಿದ್ದರೆ ಸಾಕಿತ್ತು. ಅಥವಾ ಸುಮ್ಮನೆ ಒರೆಸಿದ್ದರೂ ಸಾಕಿತ್ತು.

"ಇಂಥ ಹೊಲಸು ಬರೆಯೋನಲ್ಲ ನಾನು," ಅಂದರು. "ಅಗೋ, ಆ ಜಾತಿಯೋಳು ನಿಂತವ್ಳಲ್ಲ, ಅವ್ಳ ಕೆಲ್ಸ."

ರತ್ನ ಅನ್ನಲಿಲ್ಲ. ಮುಂಗೈ ಹಿಡಿದು ತಿದ್ದಿದವರಿಗೆ ನನ್ನ ಹೆಸರು ಅವತ್ತು ನೆನಪಾಗಲಿಲ್ಲ.

ಜನ ನನ್ನ ಕಡೆ ತಿರುಗಿದರು. ಯಾರೋ ಗುರುತಿಲ್ಲದ ಕಂಡಕ್ಟರ್ ನನ್ನ ರಟ್ಟೆ ಹಿಡಿದು ಚಿತ್ರದುರ್ಗದ ಬಸ್ಸಿನೊಳಗೆ ಎಳೆದುಕೊಂಡು ವಿಷಲ್ ಊದಿದ. ನಾನು ಕೈತಪ್ಪಿದ್ದಕ್ಕೆ ಅದೇ ಜನ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಕೇರಿಗೆ ಹೋದರು. ಆ ವರ್ಷಕ್ಕೆಂದು ತಂದು ಒಟ್ಟಿದ್ದ ಬಿದಿರು, ಹೆಣೆದಿಟ್ಟ ಮೊರ ಬುಟ್ಟಿ, ಎಲ್ಲಕ್ಕೂ ಬೆಂಕಿ ಇಟ್ಟರು. ಬಿದಿರು ಸಿಡಿಯುವ ಸದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸುತ್ತಿತ್ತಂತೆ. ಮೇಷ್ಟ್ರ ಮನೆ ಅದಕ್ಕಿಂತ ಹತ್ತಿರ.

ಮಾರನೆಯ ದಿನ ಬಿಳಿ ಸೀಮೆಸುಣ್ಣದಲ್ಲಿ ಬರೆದಿದ್ದರು: "ಬಿದಿರಿಗೆ ಆಕಸ್ಮಿಕ ಬೆಂಕಿ. ಬಿಸಿಲಿನ ಝಳ ಕಾರಣವಿರಬಹುದು." ಮಾಗಿಯ ಕಾಲ. ಓದುವವರು ಕಂಬಳಿ ಹೊದ್ದು ನಿಂತಿದ್ದರು.

ಸಂಘ ಒಡೆಯಿತು. ಕೂರುವುದು ನಿಂತಿತು. ಅಣ್ಣನ ಕೆಲಸ ಇನ್ನೊಬ್ಬನಿಗೆ ಹೋಯಿತು. ಅವನೀಗ ರಾಮಗಿರಿ ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಾನೆ. ನನಗೆ ಹಿರಿಯೂರು ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಕೆಲಸ ಸಿಕ್ಕಿತು. ನಾನು ಬರೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಬೆಂಕಿಪೊಟ್ಟಣ ಇದ್ದದ್ದು ನನ್ನ ಜೇಬಿನಲ್ಲಲ್ಲ.

ಮೇಷ್ಟ್ರನ್ನು ಕೊನೆಯ ಸಲ ನೋಡಿದ್ದು ಹೋದ ದಸರಾ ರಜೆಯಲ್ಲಿ. ಕಾಯಿಲೆ ಬಿದ್ದಿದ್ದಾರೆ ಎಂದು ಕೇಳಿ ಹೋದೆ. ಕನಿಕರಕ್ಕೆ ಹೋದೆ ಎಂದು ಯಾರೂ ತಿಳಿಯಬೇಡಿ, ಆ ಸಾಲು ಕೇಳಲು ಹೋದೆ. ಇನ್ನೂ ತಡವಾಗಿಲ್ಲ, ಅಣ್ಣ ಮತ್ತೆ ಅರ್ಜಿ ಹಾಕಿದ್ದಾನೆ ಎಂದೆ. ಅವರು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ನಿನ್ನ ಅಕ್ಷರ ನನಗಿಂತ ಚಂದ ಆಯಿತು ಎಂದರು. ಊರು ಈಗ ತಣ್ಣಗಿದೆ, ಹಳೆಯದನ್ನು ಕೆದಕಬೇಡ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ. ಆಫ್ರಿಕಾದ ಮಕ್ಕಳಿಗೆ ಸುರಿಸಿದ್ದೂ ನಿಜವಾದದ್ದೇ. ಆ ಮನುಷ್ಯನಿಗೆ ಕಣ್ಣೀರಿಗೆ ಎಂದೂ ಬರವಿರಲಿಲ್ಲ, ಬರವಿದ್ದದ್ದು ಒಂದು ಸಾಲಿಗೆ.

ಹೋದ ತಿಂಗಳು ವಾಚನಾಲಯದ ಕಮಿಟಿಯವರು ನನಗೆ ಹೇಳಿಕಳಿಸಿದರು. ಮೇಷ್ಟ್ರ ಅಭಿಮಾನಿಗಳೆಲ್ಲ ಹಲಗೆಯ ಮೇಲೆ ಒಂದೊಂದು ಸಾಲು ಬರೆದು ನಮನ ಸಲ್ಲಿಸುತ್ತಿದ್ದಾರೆ, ಅವರದೇ ಅಕ್ಷರ ನಿಮ್ಮ ಕೈಯಲ್ಲಿದೆ, ನೀವೂ ಬಂದು ಬರೆಯಬೇಕು, ಹಳೆಯದನ್ನೆಲ್ಲ ಮರೆತುಬಿಡಿ ಎಂದು. ಹನ್ನೊಂದನೆಯ ದಿನದ ಕಾರ್ಯ ಮುಗಿಯುವವರೆಗೆ ಹಲಗೆಯನ್ನು ಯಾರೂ ಒರೆಸಬಾರದು ಎಂದು ತೀರ್ಮಾನ ಮಾಡಿದ್ದರು. ಬರೆದದ್ದನ್ನು ಒರೆಸಿದರೆ ಸತ್ತವರಿಗೆ ಅವಮಾನ ಎಂದು.

ಹೋದೆ. ಹಲಗೆಗೆ ಸೇವಂತಿಗೆ ಹಾರ ಹಾಕಿದ್ದರು. ಸತ್ಯನಿಷ್ಠ, ಸಜ್ಜನ, ಜಾತಿಭೇದವರಿಯದ ಗುರು ಎಂದು ಬಿಳಿ ಸಾಲುಗಳು ತುಂಬಿದ್ದವು. ಮರದ ಗೂಟದಲ್ಲಿ ಅವರ ಕರಿ ಕೋಟನ್ನು ತೂಗುಹಾಕಿ ಕುಂಕುಮವಿಟ್ಟಿದ್ದರು. ಕಮಿಟಿಯ ಅಧ್ಯಕ್ಷರು ಬರ್ರಿ ಟೀಚರ್ ಎಂದು ಜಾಗ ಬಿಡಿಸಿ ಬಿಳಿ ಸೀಮೆಸುಣ್ಣ ಕೊಟ್ಟರು. ನಾನು ಅದನ್ನು ಕೆಳಗಿಟ್ಟೆ. ಕೋಟಿನ ಬಲ ಜೇಬಿಗೆ ಕೈ ಹಾಕಿದೆ. ಒಂದು ಕೆಂಪು ತುಂಡು ಇನ್ನೂ ಅಲ್ಲೇ ಇತ್ತು, ಸಕ್ಕರೆ ನೀರಿನಲ್ಲಿ ನೆನೆಸಿ ಒಣಗಿಸಿದ್ದು. ಕೆಳಗಿನ ಭಾಗದಲ್ಲಿ, ತಾಲ್ಲೂಕು ಸುದ್ದಿಯ ಜಾಗದಲ್ಲಿ ಬರೆದೆ:

ಕುರಿಗಳು ಕಳುವಾಗಿರಲಿಲ್ಲ.

ಅಧ್ಯಕ್ಷರು ಒದ್ದೆ ಬಟ್ಟೆಗೆ ಕೈ ಚಾಚಿದವರು ಹಾರ ನೋಡಿ ನಿಂತುಬಿಟ್ಟರು. ಹಿಂದೆ ಇದ್ದವರು ಏನದು, ಯಾವ ಕುರಿ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಗೊತ್ತಿದ್ದ ಯಾರೋ ಮೆಲ್ಲಗೆ ಹೇಳತೊಡಗಿದರು.

ಅಣ್ಣ ರಾಮಗಿರಿಯಿಂದ ಬಂದಿದ್ದ, ತಲೆಗೆ ಸುತ್ತಿದ ಟವಲು ಹಾಗೇ ಇತ್ತು. ಮುಂದೆ ಬಂದು ನಿಂತು ಒಂದೊಂದೇ ಅಕ್ಷರ ಓದಿದ. ಆಮೇಲೆ ನನಗೆ ಹೇಳಿದ, "ಮೇಷ್ಟ್ರೇ ಬರ್ದಂಗೈತೆ ಕಣೇ."

ಇಲ್ಲ ಎಂದೆ. ಅವರು ಬರೆಯಲಿಲ್ಲ. ನಾನು ಬರೆದೆ.